ಸೌದೆ ಒಣಗಿದೆಯಾ? ತಟ್ಟಿ ನೋಡಿ!

ಊದಿ ಊದಿ ಕಣ್ಣಲ್ಲಿ ನೀರು ಬರ್ತಿದೆಯಾ? ಒಲೆನ ಬೈಬೇಡಿ, ಸೌದೆ ನೋಡಿ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತೆ. ಒಲೆಗಿಟ್ಟರೆ ಕಾವೆಲ್ಲ ಮೊದಲು ಆ ನೀರನ್ನು ಆವಿ ಮಾಡೋಕೇ ಖರ್ಚು. ಉರಿ ಕಮ್ಮಿ, ಹೊಗೆ ಜಾಸ್ತಿ. ನೀರಿನಂಶ ಶೇಕಡಾ 20ಕ್ಕಿಂತ ಕೆಳಗಿಳಿದರೆ ಚೆನ್ನಾಗಿ ಉರಿಯುತ್ತೆ.

ಒಣಗಿಸೋದು ಹೇಗೆ? ಮರದೊಳಗೆ ನೀರು ಓಡಾಡೋದು ಉದ್ದುದ್ದಕ್ಕೆ. ಹಾಗಾಗಿ ಕಡಿದ ತುದಿಗಳಿಂದ ಬೇಗ ಹೊರಬೀಳುತ್ತೆ, ತೊಗಟೆ ಅದನ್ನು ತಡೆಯುತ್ತೆ. ಅದಕ್ಕೇ ಮೊದಲು ತುಂಡು ಮಾಡಿ, ಆಮೇಲೆ ಸೀಳಿ.

ಎಲ್ಲ ಮರದ ಗುಣವೂ ಒಂದೇ ಅಲ್ಲ. ಸಿಲ್ವರ್ ಓಕ್, ಮಾವು ಮೆದು: ಬೇಗ ಒಣಗುತ್ತೆ, ಬೇಗ ಉರಿದೂ ಹೋಗುತ್ತೆ. ಹುಣಸೆ, ಜಾಲಿ ಗಟ್ಟಿ: ಒಣಗೋಕೆ ತಿಂಗಳುಗಟ್ಟಲೆ ಬೇಕು, ಆದರೆ ಕೆಂಡ ತುಂಬಾ ಹೊತ್ತು ನಿಲ್ಲುತ್ತೆ. ನೀಲಗಿರಿಯನ್ನು ಹಸಿ ಇದ್ದಾಗಲೇ ಸೀಳಿ, ಒಣಗಿದರೆ ಕೊಡಲಿಗೂ ಬಗ್ಗಲ್ಲ. ರಬ್ಬರ್ ಮರ ಕಡಿದಿಟ್ಟು ಮರೆತರೆ ಬೂಷ್ಟು, ಹುಳು ಗ್ಯಾರಂಟಿ.

ಪೇರಿಸುವಾಗ ಕೆಳಗೆ ಕಲ್ಲೋ ದಿಮ್ಮಿಯೋ ಇಡಿ, ನೆಲದ ತೇವ ತಾಗಬಾರದು. ಮೇಲಷ್ಟೇ ಮುಚ್ಚಿ, ಬದಿಗಳಲ್ಲಿ ಗಾಳಿಯಾಡಲಿ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ತೇವ ಒಳಗೇ ಉಳಿಯುತ್ತೆ.

ಮಲೆನಾಡಿನವರು ಬೇಸಿಗೆಯಲ್ಲೇ ಒಣಗಿಸಿ, ಜೂನ್ ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸೋದು ತೇವ ತಾಗದಿರಲಿ ಅಂತಲೇ.

ಈಗ ಪರೀಕ್ಷೆ. ಎರಡು ತುಂಡು ಒಂದಕ್ಕೊಂದು ತಟ್ಟಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇನ್ನೂ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿದೆಯಾ, ಕೈಗೆ ಹಗುರ ಅನಿಸ್ತಿದೆಯಾ? ಹಾಗಿದ್ರೆ ಧೈರ್ಯವಾಗಿ ಒಲೆಗೆ ಹಾಕಿ!