ಕಪ್ಪತಗುಡ್ಡದ ಗಾಳಿ ಗುಳಿಗೆಯಲ್ಲ

"ಒಂದ್ ತಿಂಗ್ಳು ಕಪ್ಪತಗುಡ್ಡದ ಗಾಳಿ ಕುಡದ್ರ ಸಾಕು, ಸಕ್ರಿ ಬ್ಯಾನಿ ಇಳೀತೈತಿ, ಗುಳಗಿ ಬಿಟ್ಬಿಡ್ರಿ." ಮುಂಡರಗಿಯ ಚಹಾದಂಗಡಿಯಲ್ಲಿ, ಲಕ್ಷ್ಮೇಶ್ವರದ ಮದುವೆ ಪಂಕ್ತಿಯಲ್ಲಿ ಈ ಮಾತು ಕೇಳಿ ಕೇಳಿ ನನ್ನ ತಾಳ್ಮೆ ತೀರಿದೆ. ಈಗೀಗ ವ್ಯಾನಿನೊಳಗೇ ಹಾಸಿಗೆ, ಒಲೆ, ನೀರಿನ ಟಾಕಿ ಕೂಡಿಸಿಕೊಂಡು ಊರೂರು ತಿರುಗುವ ಗಂಡ-ಹೆಂಡತಿಯರ ಕಿವಿಗೂ ಇದು ಬಿದ್ದಿದೆ. ಹಗಲು ಗುಡ್ಡ ಹತ್ತಿ ಇಳಿದು, ರಾತ್ರಿ ತಮ್ಮದೇ ಗಾಡಿಯಲ್ಲಿ ಮಲಗುವ ಬದುಕು ಚೆಂದದ್ದು. ನಾನೂ ನನ್ನ ಹೆಂಡತಿಯೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಗದಗ ಜಿಲ್ಲೆಯ ಇದೇ ಗುಡ್ಡ ಹತ್ತುತ್ತೇವೆ. ಆದರೆ ಗುಳಿಗೆ ಮನೆಯಲ್ಲಿ ಬಿಟ್ಟು ಹತ್ತುವ ಜೋಡಿಗಳನ್ನು ಕಂಡರೆ ಸಿಟ್ಟೂ ಬರುತ್ತದೆ, ಹೆದರಿಕೆಯೂ ಆಗುತ್ತದೆ.

ಈ ನಂಬಿಕೆಯ ಹಿಂದಿರುವ ಎರಡು ಮಾತು ನಿಜ. ಗುಡ್ಡದಲ್ಲಿ ಔಷಧಿ ಗಿಡಗಳು ಹೇರಳವಾಗಿವೆ. ಗಾಳಿಯೂ ಜೋರು, ಇಲ್ಲದಿದ್ದರೆ ಇಲ್ಲಿ ಇಷ್ಟೊಂದು ಗಾಳಿಯಂತ್ರ ನಿಲ್ಲಿಸುತ್ತಿರಲಿಲ್ಲ. ಎರಡನ್ನೂ ಕೂಡಿಸಿ ಗಾಳಿಯಲ್ಲೇ ಔಷಧಿ ಬೆರೆತಿದೆ ಎನ್ನುವಲ್ಲಿ ಲೆಕ್ಕ ತಪ್ಪುತ್ತದೆ. ಅಮೃತಬಳ್ಳಿಯ ಸತ್ವ ಕಾಂಡದಲ್ಲಿರುತ್ತದೆ, ಮಧುನಾಶಿನಿಯದು ಎಲೆಯಲ್ಲಿ, ನೆಲ್ಲಿಯದು ಕಾಯಲ್ಲಿ. ಇವು ತಾವಾಗಿ ಆವಿಯಾಗಿ ಹಾರುವ ವಸ್ತುಗಳಲ್ಲ. ಹಾರುವಂತಿದ್ದರೆ ನಾಟಿ ವೈದ್ಯರು ಕುಟ್ಟಿ, ಅರೆದು, ಕಷಾಯ ಕುದಿಸುತ್ತ ಕೂರಬೇಕಿರಲಿಲ್ಲ. ಕಾಡುತುಳಸಿಯಂಥ ಗಿಡಗಳ ಪರಿಮಳವೇನೋ ಗಾಳಿಯಲ್ಲಿ ಬರುತ್ತದೆ, ಮನಸ್ಸಿಗೂ ಹಿತ. ಮೂಗಿಗೆ ತಾಗಿದ ಆ ಪ್ರಮಾಣದಿಂದ ರಕ್ತದ ಸಕ್ಕರೆ ಇಳಿಯುವುದಿಲ್ಲ.

ಇಷ್ಟು ಹೇಳಿದರೆ ಮೊಬೈಲ್ ತೆಗೆದು ತೋರಿಸುತ್ತಾರೆ: ದೇಶದ ಶುದ್ಧ ಗಾಳಿಯ ಊರುಗಳ ಪಟ್ಟಿಯಲ್ಲಿ ಗದಗ ಇದೆಯಲ್ಲ! ಹೆಸರು ಬಂದದ್ದುಂಟು, ನಮಗೆಲ್ಲ ಹೆಮ್ಮೆಯೇ. ಆದರೆ ಅಳೆಯುವ ಯಂತ್ರ ಇರುವುದು ಊರೊಳಗೆ, ಗುಡ್ಡದ ನೆತ್ತಿಯ ಮೇಲಲ್ಲ. ಯಂತ್ರವಿರುವ ಊರುಗಳಷ್ಟೇ ಆ ಪಟ್ಟಿಯಲ್ಲಿ ಬರುತ್ತವೆ, ಮತ್ತು ಪಟ್ಟಿ ದಿನದಿನಕ್ಕೆ ಬದಲಾಗುತ್ತದೆ. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕ ಲೆಕ್ಕ ಹಿಡಿಯುವುದು ಧೂಳಿನ ಕಣ, ಗಂಧಕದ ಡೈಆಕ್ಸೈಡ್, ಓಝೋನ್, ಸೀಸ ಮುಂತಾದ ಎಂಟು ಮಾಲಿನ್ಯಕಾರಕಗಳನ್ನು. ಗಾಳಿಯಲ್ಲಿ ಕೆಟ್ಟದ್ದು ಎಷ್ಟಿದೆ ಎಂದು ಅದು ಹೇಳುತ್ತದೆ, ಔಷಧಿ ಎಷ್ಟಿದೆ ಎಂದು ಹೇಳುವುದಿಲ್ಲ. ಇನ್ನೊಂದು ಸಂಗತಿ: ಸೂಚ್ಯಂಕ 50ರೊಳಗಿದ್ದರೆ 'ಉತ್ತಮ'. ಪಿಎಂ 2.5 ಎಂಬ ಸೂಕ್ಷ್ಮ ಕಣ ಒಂದು ಘನ ಮೀಟರ್ ಗಾಳಿಯಲ್ಲಿ 30 ಮೈಕ್ರೋಗ್ರಾಂವರೆಗೆ ಇದ್ದರೂ ನಮ್ಮಲ್ಲಿ ಅದು 'ಉತ್ತಮ'ವೇ. ವಿಶ್ವ ಆರೋಗ್ಯ ಸಂಸ್ಥೆ ಒಂದು ದಿನಕ್ಕೆ ಹಾಕಿಕೊಟ್ಟ ಮಿತಿ 15.

ಹಾಗಾದರೆ ಗುಡ್ಡಕ್ಕೆ ಬಂದವರ ಸಕ್ಕರೆ ಇಳಿದದ್ದು ಸುಳ್ಳೇ? ಸುಳ್ಳಲ್ಲ. ಇಳಿಸಿದ್ದು ಅವರ ಕಾಲು. ಏರು ಹತ್ತುವಾಗ ತೊಡೆಯ, ಮೀನಖಂಡದ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ, ನಡೆದ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ಇದೇ ನಡಿಗೆಯನ್ನು ಗದಗ-ಬೆಟಗೇರಿಯ ರಸ್ತೆಯಲ್ಲಿ ನಡೆದರೂ ಸಕ್ಕರೆ ಇಳಿಯುತ್ತದೆ. ನಡಿಗೆಯ ಪುಣ್ಯವನ್ನು ಗಾಳಿಯ ಖಾತೆಗೆ ಬರೆದು ಗುಳಿಗೆ ನಿಲ್ಲಿಸಿದವರಿಗೆ, ನಡಿಗೆ ನಿಂತ ಮೇಲೆ ಸಕ್ಕರೆ ಏರಿದ್ದೂ ತಿಳಿಯುವುದಿಲ್ಲ. ಇನ್ಸುಲಿನ್ ಮೇಲೆಯೇ ಬದುಕಿರುವವರು ಅದನ್ನು ಬಿಟ್ಟರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು.

ಇದರ ಉಲ್ಟಾ ಅಪಾಯವೂ ಇದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಹತ್ತಿದರೆ ಸಕ್ಕರೆ ತೀರ ಕೆಳಗಿಳಿಯುತ್ತದೆ: ಬೆವರು, ನಡುಕ, ಮಾತು ತೊದಲುವುದು. ಜೊತೆಗಿರುವವರು ಇದನ್ನು ಆಯಾಸವೆಂದುಕೊಂಡರೆ ಕೆಲಸ ಕೆಟ್ಟಿತು. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಜೋಡಿಯಾಗಿ ಹತ್ತುವುದರ ದೊಡ್ಡ ಲಾಭವೇ ಇದು, ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಗುಳಿಗೆ ಕಡಿಮೆ ಮಾಡಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಲಿ.

ದಮ್ಮು ಇರುವವರಿಗೂ ಒಂದು ಮಾತು. ಶುದ್ಧ ಗಾಳಿಯಲ್ಲೂ ಹುಲ್ಲಿನ ಪರಾಗ ಇರುತ್ತದೆ, ಅದು ದಮ್ಮು ಎಬ್ಬಿಸಬಲ್ಲದು. ಇನ್‌ಹೇಲರ್ ಜೇಬಿನಲ್ಲೇ ಇರಲಿ. ರಾತ್ರಿ ಚಳಿಯೆಂದು ಕಿಟಕಿ ಮುಚ್ಚಿದ ವ್ಯಾನಿನೊಳಗೆ ಇಜ್ಜಲ ಶಗಡಿ ಇಟ್ಟು ಮಲಗುವವರಂತೂ ದಯವಿಟ್ಟು ಕೇಳಬೇಕು: ಇಜ್ಜಲು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗಿನ ಗಾಳಿ ಎಷ್ಟೇ ಶುದ್ಧವಾಗಿರಲಿ, ಮಲಗಿದವರು ಏಳುವುದಿಲ್ಲ.

ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ. ಗಾಳಿಯ ಪವಾಡವನ್ನು ನಂಬುವ ನಾವು ಗುಡ್ಡ ಉಳಿದ ಕಥೆಯನ್ನು ಮರೆತಿದ್ದೇವೆ. 2015ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದ್ದನ್ನು ಸರಕಾರ 2016ರಲ್ಲಿ ಹಿಂತೆಗೆದುಕೊಂಡಿತು. 2017ರಲ್ಲಿ ಗದಗಿನ ಮಠಾಧೀಶ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಅಲ್ಲೇ ಜನ ಧರಣಿ ಕೂತರು, ಮೀಸಲು ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಇದು ಯಾರ ಮೊಬೈಲಿನಲ್ಲೂ ಹರಿದಾಡುವುದಿಲ್ಲ. 'ಸಕ್ಕರೆಗೆ ರಾಮಬಾಣ' ಎಂಬ ಸಂದೇಶ ಮಾತ್ರ ಹರಿದಾಡುತ್ತದೆ, ಅದನ್ನು ಓದಿದವರು ಬೇರುಸಮೇತ ಗಿಡ ಕಿತ್ತು ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಕೇಳಿದ್ದನ್ನು ಒಮ್ಮೆಯಾದರೂ ಯಾರನ್ನಾದರೂ ವಿಚಾರಿಸುವ ರೂಢಿ ನಮ್ಮಲ್ಲಿ ಎಲ್ಲಿ ಹೋಯಿತು?

ಗುಡ್ಡದ ಬಗೆಗಿನ ಉಳಿದ ತಪ್ಪು ನಂಬಿಕೆಗಳು ಸಣ್ಣವು. 'ಉತ್ತರ ಕರ್ನಾಟಕದ ಸಹ್ಯಾದ್ರಿ' ಎಂಬುದು ಹೊಗಳಿಕೆ, ಭೂಗೋಳವಲ್ಲ. ಇದು ಘಟ್ಟಕ್ಕೆ ಸೇರದ ಬೇರೆ ಬೆಟ್ಟಸಾಲು, ವರ್ಷವಿಡೀ ಹಸಿರಿರುತ್ತದೆಂದು ಮಾರ್ಚಿನಲ್ಲಿ ಬಂದರೆ ಸಿಗುವುದು ಒಣಹುಲ್ಲು. 'ಗಾಡಿ ನಮ್ಮದು, ಎಲ್ಲಿ ಬೇಕಾದರೂ ರಾತ್ರಿ ಕಳೆಯಬಹುದು' ಎಂಬುದೂ ತಪ್ಪು, ವನ್ಯಜೀವಿಧಾಮದೊಳಗೆ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೋಳ, ಕತ್ತೆಕಿರುಬ, ಚಿರತೆ ಇರುವುದು ನಿಜ, ಅವು ಮನುಷ್ಯರಿಗಾಗಿ ಹೊಂಚು ಹಾಕಿ ಕೂತಿರುತ್ತವೆ ಎಂಬುದು ಸುಳ್ಳು. ಹುಲ್ಲಿಗೆ ಬೆಂಕಿ ಹಚ್ಚಿದರೆ ಮುಂದಿನ ಮಳೆಗೆ ಹುಲುಸಾಗಿ ಬರುತ್ತದೆ ಎಂಬ ಮಾತಿನಿಂದ ಬೇಸಿಗೆಯಲ್ಲಿ ಎಳೆಯ ಸಸಿಗಳು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳು ಸುಟ್ಟುಹೋಗುತ್ತವೆ. ಆ ಹೊಗೆಯಲ್ಲಿ ತುಂಬಿರುವುದು ಅದೇ ಪಿಎಂ 2.5.