ಆಟೋದ ಪುಟ್ಟ ಪೆಟ್ಟಿಗೆಗೆ ಸರಿಯಾದ ಕರೆಂಟ್



ವೈಯಾಲಿಕಾವಲ್ ಸಂಘದ ಸಭೆಯಲ್ಲಿ ಆಟೋ ಓಡಿಸುವ ಸದಸ್ಯೆಯೊಬ್ಬರು ಹೇಳಿದರು: "ಸಿಸ್ಟರ್, ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಜಿಪಿಎಸ್ ಪೆಟ್ಟಿಗೆ ಆಫ್ ಆಗುತ್ತೆ. ರಾತ್ರಿ ನಾನೆಲ್ಲಿದ್ದೀನಿ ಅಂತ ಮನೆಯವರಿಗೆ ಗೊತ್ತಾಗಲ್ಲ." ಹೊಸ ಬಸ್, ಟ್ಯಾಕ್ಸಿಗಳಿಗೆ 2019ರಿಂದ ಇಂಥ ಪೆಟ್ಟಿಗೆ ಕಡ್ಡಾಯ. ಆಟೋಗೆ ನಾವೇ ಹಾಕಿಸಿಕೊಳ್ಳಬೇಕು. ನೋಡಿದರೆ, ಇವರಿಗೆ ಯಾರೋ ಅಗ್ಗದ ಮೊಬೈಲ್ ಚಾರ್ಜರ್‌ನಿಂದ ವೈರ್ ಎಳೆದು ಕೊಟ್ಟಿದ್ದರು.

ಪೆಟ್ಟಿಗೆಯೊಳಗೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ 5 ಅಥವಾ 3.3 ವೋಲ್ಟ್ ಸಾಕು. ಆಟೋ ಬ್ಯಾಟರಿ 12 ವೋಲ್ಟ್. ಇಂಜಿನ್ ಓಡುವಾಗ 14ರ ಹತ್ತಿರ ಏರುತ್ತದೆ. ಸೆಲ್ಫ್ ಒತ್ತಿದಾಗ 9ಕ್ಕಿಂತ ಕೆಳಗೂ ಇಳಿಯಬಹುದು. ಬ್ಯಾಟರಿ ವೈರ್ ಸಡಿಲವಾದರೆ ಒಂದು ಕ್ಷಣ ಹತ್ತಾರು ವೋಲ್ಟ್ ನುಗ್ಗಬಹುದು. ಇಳಿದರೆ ಪೆಟ್ಟಿಗೆ ನಿಲ್ಲುತ್ತದೆ, ನುಗ್ಗಿದರೆ ಸುಟ್ಟೇ ಹೋಗುತ್ತದೆ. ನಲ್ಲಿ ನೀರು ಒಮ್ಮೆ ಜೋರಾಗಿ, ಒಮ್ಮೆ ತೊಟ್ಟಿಕ್ಕಿ ಬಂದರೆ ನಾವೇನು ಮಾಡ್ತೀವಿ? ಟ್ಯಾಂಕ್ ಇಡ್ತೀವಿ. ಇಲ್ಲೂ ಹಾಗೆಯೇ.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಹಾಕಿಸಿ:

1. ಬ್ಯಾಟರಿ ಪಕ್ಕದಲ್ಲೇ ಸಣ್ಣ ಫ್ಯೂಸ್. ವೈರ್ ಶಾರ್ಟ್ ಆದರೆ ಬೆಂಕಿ ಹತ್ತುವ ಮೊದಲೇ ಕಡಿಯುತ್ತದೆ.
2. ನುಗ್ಗುವ ವೋಲ್ಟೇಜ್ ತಡೆಯುವ ಸರ್ಜ್ ಡಯೋಡ್.
3. ಕೆಪಾಸಿಟರ್. ಇದೇ ನಮ್ಮ ಟ್ಯಾಂಕ್. ಮುಂದೊಂದು ಡಯೋಡ್ ಇದ್ದರೆ ತುಂಬಿದ್ದು ಹಿಂದಕ್ಕೆ ಹರಿಯದು.
4. ವಾಹನಕ್ಕೆಂದೇ ಮಾಡಿದ 5 ವೋಲ್ಟ್ ಕನ್ವರ್ಟರ್.
5. ಅರ್ತ್ ವೈರ್ ತುಕ್ಕಿಲ್ಲದ ಜಾಗದಲ್ಲಿ ಬಿಗಿಯಾಗಿರಲಿ.

ಬಾಡಿಗೆ ಮೀಟರ್‌ನ ಸರ್ಕಾರಿ ಸೀಲ್ ಮಾತ್ರ ಮುಟ್ಟಬೇಡಿ.

ಸಂಘದ ಸಾಲದಿಂದ ಬಂದ ಗಾಡಿ ಇದು. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ರಾತ್ರಿ ದಾರಿಯಲ್ಲಿ ಒಂಟಿಯಾಗುವುದು ಬೇಡ. ಮುಂದಿನ ಸಭೆಗೆ ನಿಮ್ಮ ಗಾಡಿಯ ವೈರಿಂಗ್ ನೋಡಿಕೊಂಡು ಬನ್ನಿ.