ಮರಳಿಗಿಳಿಯುವ ಮುನ್ನ ಗಾಳಿ ಇಳಿಸಿ

ಬಿಂಕದಕಟ್ಟಿಯಂಥ ಎರೆಸೀಮೆಯಲ್ಲಿರುವ ನಮಗೆ ಕೆಸರೇನೂ ಹೊಸದಲ್ಲ. ಮಳೆ ಬಿದ್ದಾಗ ಹೊಲದ ದಾರಿಗೆ ಗಾಡಿ ಇಳಿಸಬಾರದು, ಎರೆ ಒಣಗಿದ ಮೇಲೆ ಎಲ್ಲಿ ಬೇಕಾದರೂ ಓಡಿಸಬಹುದು ಅನ್ನೋದು ಇಲ್ಲಿ ಮಕ್ಕಳಿಗೂ ಗೊತ್ತು. ಇದೇ ಲೆಕ್ಕ ಹಿಡಿದು ಸಮುದ್ರದಂಡೆಗೆ ಹೋದಿರೋ, ಕೆಟ್ಟಿರಿ! ಅಲ್ಲಿ ಎಲ್ಲವೂ ಉಲ್ಟಾ. ಒಣಗಿದ್ದು ಹೂಳುತ್ತದೆ, ತೇವ ಇದ್ದದ್ದು ಹೊರುತ್ತದೆ.

ನಾವು ಹಾಗೆ ಕೆಟ್ಟವರೇ. ಒಮ್ಮೆ ಡಿಸೆಂಬರ್ ರಜೆಗೆ ಮೈದುನನ ಹೊಸ ಜೀಪಿನಲ್ಲಿ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾ ಕಡೆ ಹೋಗಿದ್ದೆವು. ಮರುದಿನ ಬೆಳಿಗ್ಗೆ ಎಂಟೂವರೆಗೆ ದೋಣಿ ಇಳಿಸುವ ಜಾಗದಿಂದ ಜೀಪನ್ನು ಮರಳಿಗೆ ಇಳಿಸಿಯೇಬಿಟ್ಟ. "ಫೋರ್ ವೀಲ್ ಡ್ರೈವ್ ಐತಿ ವೈನಿ, ಏನೂ ಆಗೂದಿಲ್ಲ" ಅಂದ. ನನಗೆ ಹೊಟ್ಟೆಯಲ್ಲಿ ತಳಮಳ. ಆದರೂ ಗಂಡಸರು ಓಡಿಸುವಾಗ ನಾವ್ಯಾಕೆ ಬಾಯಿ ಹಾಕೋದು ಅಂತ ಸುಮ್ಮನೆ ಕೂತೆ. ಇಪ್ಪತ್ತು ಮಾರು ಹೋಗಿರಬೇಕು, ಗಾಡಿ ಜಗ್ಗಿತು. ಆತ ಆಕ್ಸಿಲರೇಟರ್ ತುಳಿದಷ್ಟೂ ಗಾಲಿ ಗರಗರ ತಿರುಗಿ ಕುಣಿ ತೋಡಿಕೊಂಡವು. ಹಿಂದಿನ ಸೀಟಿನಲ್ಲಿ ಅತ್ತೆ, ಇಬ್ಬರು ಮಕ್ಕಳು. ಹಿಂದಿನ ದಿನವಷ್ಟೇ ಅಮಾವಾಸ್ಯೆ. ನೀರು ಏರುತ್ತಿದೆ ಅಂತ ನಮಗೆ ತಿಳಿದದ್ದು ಮಗಳು ಕಟ್ಟಿದ ಮರಳಿನ ಗುಡಿ ಕೊಚ್ಚಿಹೋದಾಗಲೇ.

ಮರಳಿನ ಗುಟ್ಟು ಅರ್ಥ ಮಾಡಿಕೊಳ್ಳಲು ಜೋಳದ ಹಿಟ್ಟನ್ನು ನೆನಪಿಸಿಕೊಳ್ಳಿ. ಒಣಹಿಟ್ಟಿಗೆ ಬೆರಳು ಇಟ್ಟರೆ ಒಳಗೆ ಇಳಿಯುತ್ತದೆ. ಹದವಾಗಿ ನೀರು ಬಿದ್ದರೆ ಮುದ್ದೆಯಾಗಿ ನಿಲ್ಲುತ್ತದೆ. ನೀರು ಹೆಚ್ಚಾದರೆ ಅಂಬಲಿ. ತೀರದಲ್ಲೂ ಈ ಮೂರೂ ಇರುತ್ತವೆ. ಮೇಲ್ಗಡೆಯ ಬಿಳಿ ಮರಳು ಒಣಹಿಟ್ಟು, ಅಲೆ ತಾಗುವ ಅಂಚು ಅಂಬಲಿ, ನಡುವೆ ನೀರು ಇಳಿದುಹೋದ ಗಟ್ಟಿ ಪಟ್ಟಿಯೇ ಗಾಡಿ ಹೊರುವ ಜಾಗ. ಆ ಪಟ್ಟಿಯೂ ದಿನಕ್ಕೆರಡು ಸಲ ನೀರಿನಡಿ ಹೋಗುತ್ತದೆ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಇನ್ನೂ ಮೇಲೆ ಏರುತ್ತದೆ. ದಂಡೆಯ ಮೀನುಗಾರರನ್ನು ಕೇಳಿದರೆ ಹೊತ್ತು ಸರಿಯಾಗಿ ಹೇಳುತ್ತಾರೆ. ನಾವು ಕೇಳಲಿಲ್ಲ, ಅಷ್ಟೆ.

ಇನ್ನು ಗಾಲಿಯ ಗಾಳಿ. ನಮ್ಮನ್ನು ಬಿಡಿಸಲು ಬಂದ ಮೀನುಗಾರರಲ್ಲಿ ಹಿರಿಯರೊಬ್ಬರು ಮೊದಲು ಹೇಳಿದ್ದೇ "ಗಾಳಿ ಬಿಡಿ" ಅಂತ. ಪಂಕ್ಚರ್ ಮಾಡಿಕೊಂಡು ಹೋಗೋದಾ ಅಂತ ನನಗೆ ನಗು ಬಂತು. ಆದರೆ ಮರಳಿನ ಓಟದ ಅರ್ಧ ವಿದ್ಯೆ ಇದೇ. ಗಾಳಿ ಕಡಿಮೆಯಾದಾಗ ಟೈರು ಉದ್ದಕ್ಕೆ ಹರಡಿ, ಒಂಟೆಯ ಪಾದದ ಹಾಗೆ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ. ಮಾಮೂಲಿ 30ರ ಆಸುಪಾಸು ಇರುವ ಒತ್ತಡವನ್ನು ಮರಳಿಗಿಳಿಯುವ ಮುಂಚೆಯೇ 18ಕ್ಕೆ ತರಬೇಕು. ಸಿಕ್ಕಿಬಿದ್ದರೆ 15ಕ್ಕೆ ಇಳಿಸಬಹುದು. ಅದಕ್ಕೂ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಂಡೀತು. ಒತ್ತಡ ನೋಡುವ ಚಿಕ್ಕ ಗೇಜು, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಗಾಳಿಯಂತ್ರ ಎರಡೂ ಜೊತೆಗಿರಲಿ. ವಾಪಸ್ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಲೇಬೇಕು. ಮೆತ್ತನೆಯ ಟೈರಿನಲ್ಲಿ ಅರಬೈಲ್ ಘಾಟಿ ಹತ್ತಿದರೆ ಅದು ಕಾದು ಸಿಡಿಯುವ ಅಪಾಯವಿದೆ.

ಅಂದಹಾಗೆ, ನಿಮ್ಮ ಗಾಡಿಯ ನಾಲ್ಕೂ ಗಾಲಿಗೆ ನಿಜವಾಗಿಯೂ ಬಲ ಹೋಗುತ್ತದೆಯೇ? ಥಾರ್ 2023ರಿಂದ ಹಿಂದಿನ ಎರಡೇ ಗಾಲಿಗೆ ಬಲ ಕೊಡುವ ಮಾದರಿಯಲ್ಲೂ ಬಂದಿದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ನಾಲ್ಕು ಗಾಲಿಯ ಗಾಡಿಯಲ್ಲೂ ಆ ಗೇರನ್ನು ಗಟ್ಟಿನೆಲದಲ್ಲೇ ಹಾಕಿಕೊಂಡು ಇಳಿಯಬೇಕು, ಹೂತ ಮೇಲಲ್ಲ. ಒಂದೇ ಹದದ ನಿಧಾನ ವೇಗ, ದೊಡ್ಡದಾದ ತಿರುವು. ನಿಲ್ಲಿಸಬೇಕಾದರೆ ಬ್ರೇಕ್ ಒದೆಯದೆ ತಾನಾಗಿ ಉರುಳಿ ನಿಲ್ಲಲು ಬಿಡಬೇಕು. ಜೋರಾಗಿ ಬ್ರೇಕ್ ಹಾಕಿದರೆ ಗಾಲಿಯ ಮುಂದೆ ಮರಳಿನ ದಿಬ್ಬ ಏಳುತ್ತದೆ, ಮತ್ತೆ ಹೊರಡುವಾಗ ಅದೇ ಅಡ್ಡ.

ಗಾಲಿ ಇದ್ದಲ್ಲೇ ತಿರುಗತೊಡಗಿತೋ, ಆ ಕ್ಷಣವೇ ಕಾಲು ತೆಗೆಯಲು ಹೇಳಿ. ನೀವೇ ಹೇಳಿ, ಸಂಕೋಚ ಬೇಡ. ಮಕ್ಕಳು, ಹಿರಿಯರನ್ನು ಮೊದಲು ಇಳಿಸಿ, ಒಣ ಕಸ, ಪಾಚಿ ಸಾಲಾಗಿ ಬಿದ್ದಿರುವ ಗೆರೆಯಿಂದ ಮೇಲಕ್ಕೆ ಕಳಿಸಿ. ನೀರು ಅಲ್ಲಿವರೆಗೂ ಬಂದು ಹೋಗಿರುತ್ತದೆ ಅಂತ ಆ ಗೆರೆಯೇ ಹೇಳುತ್ತದೆ. ಆಮೇಲೆ ಗಾಲಿಯ ಎದುರಿನ, ಗಾಡಿಯ ಹೊಟ್ಟೆಗೆ ತಾಗಿದ ಮರಳನ್ನು ಕೈಯಿಂದಲಾದರೂ ತೋಡಿ, ಕಾಲೊರೆಸುವ ಮ್ಯಾಟುಗಳನ್ನು ಗಾಲಿಯಡಿ ತುರುಕಿ, ಬಂದ ಜಾಡಿನಲ್ಲೇ ರಿವರ್ಸ್ ಬರುವುದು ಸುಲಭ. ಮ್ಯಾಟು ಚಿಮ್ಮುವ ಕಡೆ ಯಾರೂ ನಿಲ್ಲಬಾರದು. ಹಗ್ಗ ಕಟ್ಟಿ ಎಳೆಯುವುದಾದರೆ ಹಗ್ಗದ ಉದ್ದಕ್ಕಿಂತ ದೂರ ಸರಿಯಿರಿ, ತುಂಡಾದ ಹಗ್ಗ ಚಾಟಿಯಂತೆ ಬಡಿಯುತ್ತದೆ. ನಮ್ಮ ಜೀಪು ಗಾಳಿ ಬಿಟ್ಟ ಮೇಲೆ ಎಂಟು ಜನ ತಳ್ಳಿದ್ದಕ್ಕೆ ಹೊರಬಂತು. ಅಷ್ಟರಲ್ಲಿ ಅಲೆ ಬಂಪರಿಗೆ ತಾಗುತ್ತಿತ್ತು, ಅತ್ತೆ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು.

ಇಷ್ಟೆಲ್ಲ ಕಲಿತ ಮೇಲೂ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಉತ್ತರ ಕನ್ನಡದ ಕಾರವಾರ, ಹೊನ್ನಾವರದ ದಂಡೆಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಒಂದೊಂದು ಗೂಡಿಗೆ ಸುಮಾರು ನೂರು ಮೊಟ್ಟೆ ಇಡುತ್ತವೆ. ಮೇಲಿನ ಒಣ ಮರಳೇ ಅವುಗಳ ಬಾಣಂತಿ ಕೋಣೆ. ಗಾಲಿಯ ಭಾರಕ್ಕೆ ಮೊಟ್ಟೆ ಹಾಳು, ಗಾಲಿಯ ಜಾಡಿನ ತಗ್ಗಿಗೆ ಬಿದ್ದ ಮರಿ ಕಡಲು ಮುಟ್ಟಲಾರದು. ಗೋವಾದಲ್ಲಂತೂ ಬೀಚಿಗೆ ಕಾರು ಇಳಿಸಿದ ಪ್ರವಾಸಿಗರ ಮೇಲೆ ಪೊಲೀಸರು ಕೇಸು ಹಾಕುತ್ತಾರೆ. ಆಸೆ ತಡೆಯದಿದ್ದರೆ ಮಂಗಳೂರು, ಕಾಸರಗೋಡು ದಾಟಿ ಕಣ್ಣೂರು-ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡಿಗೆ ಹೋಗಿ. ಸುಮಾರು 4 ಕಿಲೋಮೀಟರಿನ ಆ ದಂಡೆಯ ಮರಳು ಎಷ್ಟು ಗಟ್ಟಿ ಅಂದರೆ ಮಾಮೂಲಿ ಕಾರುಗಳೂ ಓಡುತ್ತವೆ. ಮಳೆಗಾಲ ಬೇಡ. ಉಳಿದ ದಿನಗಳಲ್ಲೂ ಅವತ್ತು ಬಿಡುತ್ತಿದ್ದಾರೋ ಇಲ್ಲವೋ ಅಂತ ಅಲ್ಲಿಯೇ ವಿಚಾರಿಸಿ.

ಊರಿಗೆ ಬಂದ ದಿನವೇ ಗಾಡಿಯ ಕೆಳಭಾಗಕ್ಕೆ ಸಿಹಿನೀರು ಹೊಡೆಸಿ, ಉಪ್ಪು ಕೂತರೆ ಕಬ್ಬಿಣ ತಿನ್ನುತ್ತದೆ. ನಮ್ಮ ಮೈದುನ ಮಾತ್ರ ನಾಳೆ, ನಾಡಿದ್ದು ಅಂತ ಹದಿನೈದು ದಿನ ದೂಡಿ, ಆಮೇಲೆ ಬ್ರೇಕು ಕಿರುಗುಟ್ಟುತ್ತದೆ ಅಂತ ಗ್ಯಾರೇಜಿಗೆ ಅಲೆದ.